ಕೆಂಪು ಬಂಡೆಯ ಕೊಳ್ಳಗಳಿಗೆ ಕ್ಯಾಮೆರಾ ಹಿಡಿದು: ಮುಗಳಖೋಡದಿಂದ ಗೋಕಾಕ, ಬಾದಾಮಿ

ಅಮೆರಿಕದ ಅರಿಝೋನಾ, ಯೂಟಾ ಕಡೆಯ ಕೆಂಪು ಕೊಳ್ಳಗಳ ಫೋಟೊಗಳು ಈಗ ಎಲ್ಲರ ಮೊಬೈಲಿಗೂ ಬಂದು ಬೀಳುತ್ತವೆ. ಅವನ್ನು ನೋಡಿ ‘ಇಂಥವು ನಮಗೆಲ್ಲಿ’ ಎಂದು ನಿಟ್ಟುಸಿರು ಬಿಡುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಫೋಟೊ ಹವ್ಯಾಸಿಗಳಿಗಾಗಿ ಈ ಬರಹ. ಮುಗಳಖೋಡದಲ್ಲಿ ನಸುಕಿನ ಚಹಾ ಕುಡಿದು ಬೈಕ್ ಹತ್ತಿದರೆ, ಬಿಸಿಲು ಚುರುಕಾಗುವುದರೊಳಗೆ ಗೋಕಾಕದ ಮರಳುಗಲ್ಲಿನ ಕೊಳ್ಳದ ಅಂಚಿನಲ್ಲಿ ನಿಂತಿರಬಹುದು. ಮರುಭೂಮಿಯ ಕೊಳ್ಳಗಳಲ್ಲಿ ಫೋಟೊ ತೆಗೆಯುವವರು ಬಳಸುವ ಲೆಕ್ಕಾಚಾರ ಬಹುಪಾಲು ಇಲ್ಲಿಯೂ ನಡೆಯುತ್ತದೆ. ನಡೆಯದಿರುವುದು ಯಾವುದು, ಅದನ್ನು ಹೇಗೆ ಬದಲಿಸಿಕೊಳ್ಳಬೇಕು ಎಂಬುದನ್ನು ಆಯಾ ಜಾಗದಲ್ಲಿ ಹೇಳುತ್ತೇನೆ.

ಮೊದಲು ಕಲ್ಲಿನ ವಿಷಯ. ಕ್ಯಾಮೆರಾ ಲೇಖನದಲ್ಲಿ ಭೂಗರ್ಭಶಾಸ್ತ್ರ ಏಕೆ ಎಂದು ಕೇಳಬೇಡಿ, ಬೆಳಕು ಹೇಗೆ ವರ್ತಿಸುತ್ತದೆ ಎಂಬುದು ಕಲ್ಲಿನ ಮೇಲೆಯೇ ನಿಂತಿದೆ. ನಮ್ಮ ಸೀಮೆಯದು ಎರಿ ಭೂಮಿ. ಅದರ ಕೆಳಗಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾರಸದ ಕರಿಗಲ್ಲು. ಅದು ಬೆಳಕನ್ನು ನುಂಗುತ್ತದೆ. ಗೋಕಾಕ ಸಮೀಪಿಸುತ್ತಿದ್ದಂತೆ ನೆಲದ ಬಣ್ಣವೇ ಬೇರೆಯಾಗಿ ಕೆಂಪು, ನಸುಗೆಂಪು, ಹಳದಿ ಮಿಶ್ರಿತ ಮರಳುಗಲ್ಲಿನ ಗುಡ್ಡಗಳು ಏಳುತ್ತವೆ. ಈ ಶಿಲಾಶ್ರೇಣಿಗೆ ಘಟಪ್ರಭೆಯ ದಂಡೆಯ ಕಲಾದಗಿ ಊರಿನ ಹೆಸರೇ ಇದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯನ್ನೆಲ್ಲ ಸುತ್ತಾಡಿ ಬರೆದ ವರದಿ 1876ರಲ್ಲಿ ಪ್ರಕಟವಾಯಿತು. ಗ್ರ್ಯಾಂಡ್ ಕ್ಯಾನಿಯನ್‌ನ ಮೇಲಂಚಿನ ಸುಣ್ಣಕಲ್ಲಿಗೆ ಸುಮಾರು 27 ಕೋಟಿ ವರ್ಷ. ಗೋಕಾಕದ ಕಲ್ಲು ಅದಕ್ಕಿಂತ ಎಷ್ಟೋ ಹಳೆಯದು, ಜೀವಿಗಳಿಗೆ ಚಿಪ್ಪು, ಎಲುಬು ಮೂಡುವ ಮೊದಲಿನ ಕಾಲದ್ದು. ಹಳೆತನದಲ್ಲಿ ನಾವೇ ಹಿರಿಯರು, ಆಳದಲ್ಲಿ ಅವರು.

ಈ ಕಲ್ಲಿನ ಎರಡು ಗುಣಗಳು ಫೋಟೊಗೆ ಬೇಕಾದವು. ಒಂದು, ಮೇಲೆ ಬಿದ್ದ ಬಿಸಿಲನ್ನು ಇದು ಕೆಂಪಗೆ ಮಾಡಿ ಎದುರಿನ ಗೋಡೆಗೆ ಎಸೆಯುತ್ತದೆ. ಹೀಗಾಗಿ ನೆರಳಿನಲ್ಲಿರುವ ಬಂಡೆಯೂ ಒಳಗಿನಿಂದ ಹೊತ್ತಿಕೊಂಡಂತೆ ಕಾಣುತ್ತದೆ. ಎರಡು, ಇದು ಅಡ್ಡಡ್ಡ ಪದರಗಳಾಗಿ ಕೂತಿದೆ, ನೆಟ್ಟಗೆ ಸೀಳುತ್ತದೆ. ಸೀಳಿನಲ್ಲಿ ನೀರು ಹೊಕ್ಕು ಚೌಕ ಚೌಕವಾಗಿ ಬಂಡೆಗಳು ಉದುರುವುದರಿಂದಲೇ ಗೋಕಾಕ, ಬಾದಾಮಿಗಳ ಗುಡ್ಡಗಳಿಗೆ ನೆಟ್ಟನೆಯ ಗೋಡೆಗಳಿವೆ. ಇದರಲ್ಲಿ ಅಪಾಯವೂ ಇದೆ. 2019ರ ಮಳೆಯ ನಂತರ ಗೋಕಾಕದ ಮಲ್ಲಿಕಾರ್ಜುನ ಗುಡ್ಡದ ಮೇಲಿನ ಭಾರೀ ಬಂಡೆಗಳು ಕೆಳಗಿನ ಮನೆಗಳ ಮೇಲೆ ಉರುಳುವ ಭೀತಿ ಎದ್ದಿತ್ತು. ಮಳೆಗಾಲದಲ್ಲಿ ಬಂಡೆಯ ಬುಡದಲ್ಲಿ ಟ್ರೈಪಾಡ್ ಹೂಡುವ ಮೊದಲು ತಲೆಯೆತ್ತಿ ನೋಡಿ.

ಕ್ಯಾಲೆಂಡರ್ ಮೊದಲು

ಹೊಸ ಲೆನ್ಸ್ ಕೊಳ್ಳುವ ದುಡ್ಡಿಗಿಂತ ಗೋಡೆಯ ಮೇಲಿನ ಕ್ಯಾಲೆಂಡರ್ ಹೆಚ್ಚು ಕೆಲಸಕ್ಕೆ ಬರುತ್ತದೆ. ಹೊರಡುವ ಹಿಂದಿನ ದಿನ ಮೂರು ಸಂಗತಿ ನೋಡಿಕೊಳ್ಳಿ: ಸೂರ್ಯ ಹುಟ್ಟುವ ಮತ್ತು ಮುಳುಗುವ ಹೊತ್ತು, ಅಂದು ಅವನು ನೆತ್ತಿಯಿಂದ ಯಾವ ಕಡೆಗೆ ವಾಲಿರುತ್ತಾನೆ ಎಂಬುದು, ಮತ್ತು ನದಿಯಲ್ಲಿ ನೀರೆಷ್ಟಿದೆ.

ನಮ್ಮಲ್ಲಿ ಜೂನ್‌ನಲ್ಲಿ ಸೂರ್ಯ ಬೆಳಿಗ್ಗೆ 6ರ ಆಸುಪಾಸು ಹುಟ್ಟಿ ಸಂಜೆ 7 ದಾಟಿ ಮುಳುಗುತ್ತಾನೆ. ಡಿಸೆಂಬರ್‌ನಲ್ಲಿ ಹುಟ್ಟುವುದು 7ಕ್ಕೆ ಹತ್ತಿರ, ಮುಳುಗುವುದು 6 ದಾಟುತ್ತಿದ್ದಂತೆ. ಅಮೆರಿಕದ ಫೋಟೊಗ್ರಫಿ ಪುಸ್ತಕಗಳು ‘ಗೋಲ್ಡನ್ ಅವರ್’ ಎಂದು ಹೊಗಳುವ ಹೊನ್ನಬಿಸಿಲು ನಮ್ಮಲ್ಲಿ ಬೇಗ ಮುಗಿಯುತ್ತದೆ. ನಾವು ಸಮಭಾಜಕ ವೃತ್ತಕ್ಕೆ ಹತ್ತಿರ, ಆದ್ದರಿಂದ ಸೂರ್ಯ ಇಲ್ಲಿ ಓರೆಯಾಗಿ ಸಾಗದೆ ಸರಸರನೆ ಮೇಲೇರುತ್ತಾನೆ. ಮುಕ್ಕಾಲು ತಾಸು ಸಿಕ್ಕರೆ ಹೆಚ್ಚು. ಹಾಗಾಗಿ ಸೂರ್ಯ ಹುಟ್ಟಿದ ಮೇಲೆ ಜಾಗ ಹುಡುಕಲು ಹೋಗಬಾರದು, ಹುಟ್ಟುವ ಹೊತ್ತಿಗೆ ಕ್ಯಾಮೆರಾ ನಿಂತಿರಬೇಕು.

ಇನ್ನೊಂದನ್ನು ಬಹಳ ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗೋಕಾಕ, ಬಾದಾಮಿಗಳಲ್ಲಿ ಮೇ ಮೊದಲ ವಾರದಲ್ಲೊಮ್ಮೆ, ಆಗಸ್ಟ್ ಮೊದಲೆರಡು ವಾರಗಳಲ್ಲೊಮ್ಮೆ, ಹೀಗೆ ವರ್ಷಕ್ಕೆ ಎರಡು ಬಾರಿ ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಎಂದು ಶಾಲೆಗಳಲ್ಲಿ ಕೋಲು ನೆಟ್ಟು ತೋರಿಸುತ್ತಾರಲ್ಲ, ಅದೇ. ಆ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ, ಉಳಿದ ವರ್ಷವೆಲ್ಲ ದಕ್ಷಿಣಕ್ಕೆ. ಅರಿಝೋನಾದಲ್ಲಿ ಸೂರ್ಯ ಎಂದೂ ನೆತ್ತಿಗೆ ಬರುವುದಿಲ್ಲ, ಅವರ ಪುಸ್ತಕದ ಸಲಹೆ ಇಲ್ಲಿ ತಪ್ಪುವುದು ಈ ಜಾಗದಲ್ಲೇ. ಮತ್ತೆ, ನಮ್ಮಲ್ಲಿ ನಡುಹಗಲು ಎಂದರೆ ಗಡಿಯಾರದ 12 ಅಲ್ಲ, 12.30ರ ಆಸುಪಾಸು. ಕಿರಿದಾದ ಸೀಳಿನೊಳಗೆ ಬೆಳಕು ಬೀಳುವುದನ್ನು ಕಾಯುವವರಿಗೆ ಈ ಅರ್ಧ ತಾಸಿನ ವ್ಯತ್ಯಾಸ ಬಹಳ ದೊಡ್ಡದು.

ಚೀಲ

ಚೀಲ ಹಗುರಾಗಿರಲಿ. ಒಂದು ವೈಡ್ ಲೆನ್ಸ್, ಒಂದು ಸಾಧಾರಣ ಜೂಮ್ ಸಾಕು. ಮೊಬೈಲ್ ಒಂದೇ ಇದ್ದರೂ ಈ ಲೇಖನದ ಮುಕ್ಕಾಲು ಪಾಲು ನಿಮಗೆ ಅನ್ವಯಿಸುತ್ತದೆ. ದುಡ್ಡು ಹಾಕುವುದಿದ್ದರೆ ಮೊದಲು ಪೋಲರೈಸರ್ ಫಿಲ್ಟರ್ ಕೊಳ್ಳಿ. ಒದ್ದೆ ಬಂಡೆಯ ಮೇಲಿನ ಬಿಳಿ ಹೊಳಪನ್ನು ಅದು ಕಳೆದಾಗ ಒಳಗಿನ ಕೆಂಪು ಮೇಲೆ ಬರುತ್ತದೆ. ಆ ಕೆಲಸ ಕಂಪ್ಯೂಟರ್‌ನಲ್ಲಿ ಆಮೇಲೆ ಆಗುವುದಿಲ್ಲ. ಮೆತ್ತನೆಯ ಹತ್ತಿಬಟ್ಟೆ ಎರಡು ಮೂರು, ದಪ್ಪ ಪ್ಲಾಸ್ಟಿಕ್ ಚೀಲ, ಹೆಚ್ಚಿನ ಬ್ಯಾಟರಿ, ಸಿಳ್ಳೆ, ಟಾರ್ಚ್, ಹಿಡಿತವಿರುವ ಬೂಟು. ಚಪ್ಪಲಿ ಬೇಡವೇ ಬೇಡ. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಇದ್ದರೆ ಹೋಟೆಲ್ ಹುಡುಕುತ್ತ ಬೆಳಕು ಕಳೆದುಕೊಳ್ಳುವ ಪ್ರಮೇಯ ಬರುವುದಿಲ್ಲ. ಆದರೆ ಬಾದಾಮಿಯಲ್ಲಿ ಆ ಬುತ್ತಿ ಮಂಗಗಳ ಕಣ್ಣಿಗೆ ಬೀಳಬಾರದು, ಚೀಲದ ಜಿಪ್ ತೆಗೆಯುವುದು ಅವಕ್ಕೆ ಚೆನ್ನಾಗಿ ಗೊತ್ತು.

ಗೋಕಾಕ: ನೀರಿನ ಮುಂದೆ

ಮುಗಳಖೋಡದಿಂದ ಗುರ್ಲಾಪುರ ಕ್ರಾಸ್ ಮೇಲೆ ಗೋಕಾಕ. ಊರಿನಿಂದ ಸುಮಾರು 6 ಕಿ.ಮೀ. ದೂರದಲ್ಲಿ ಫಾಲ್ಸ್. ರೈಲಿನಲ್ಲಿ ಬರುವವರು ರಾಯಬಾಗದಲ್ಲಿ ಹತ್ತಿ ಘಟಪ್ರಭಾ ನಿಲ್ದಾಣದಲ್ಲಿ ಇಳಿಯಬಹುದು.

ಘಟಪ್ರಭೆ ಇಲ್ಲಿ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತದೆ. ತುಂಬಿ ಹರಿಯುವಾಗ ಮೇಲಂಚಿನ ಅಗಲ 177 ಮೀಟರ್, ಆಕಾರ ಕುದುರೆಯ ಲಾಳದ್ದು. ಪಕ್ಕದಲ್ಲೇ 1885ರಲ್ಲಿ ಶುರುವಾದ ನೂಲಿನ ಗಿರಣಿ, ಆಚೆ ದಂಡೆಯಲ್ಲಿ ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ಗುಡಿ, ಎರಡರ ನಡುವೆ ಸುಮಾರು 200 ಮೀಟರ್ ಉದ್ದದ ತೂಗುಸೇತುವೆ. ಮಳೆಗಾಲದಲ್ಲಿ ಸೇತುವೆಯ ಮೇಲೆ ಬಿಡುತ್ತಾರೋ ಇಲ್ಲವೋ ಎಂದು ಅಲ್ಲಿನವರನ್ನು ಕೇಳಿಯೇ ಮುಂದುವರಿಯಿರಿ.

ಮೊದಲ ಹೆಜ್ಜೆ, ಕ್ಯಾಮೆರಾ ಚೀಲದಲ್ಲೇ ಇರಲಿ. ಅಂಚಿನ ಉದ್ದಕ್ಕೂ ಒಮ್ಮೆ ನಡೆದು, ನೀರಿನ ಧೂಳು ಯಾವ ಕಡೆ ಹಾರುತ್ತಿದೆ ನೋಡಿಕೊಳ್ಳಿ. ಗಾಳಿ ಎದುರಿನಿಂದ ಬೀಸುವ ಜಾಗದಲ್ಲಿ ಎಂಥ ದೃಶ್ಯವಿದ್ದರೂ ಪ್ರಯೋಜನವಿಲ್ಲ, ಲೆನ್ಸಿನ ಮೇಲೆ ಹನಿ ಕೂತು ಫೋಟೊ ಕೆಡುತ್ತದೆ. ಗಾಳಿಗೆ ಬೆನ್ನು ಕೊಡುವ ಜಾಗ ಆರಿಸಿ. ಅಲ್ಲಿಯೂ ಪ್ರತಿ ನಾಲ್ಕೈದು ಫೋಟೊಗೊಮ್ಮೆ ಲೆನ್ಸ್ ಒರೆಸುತ್ತಿರಬೇಕು. ಒರೆಸಿದ ಮೇಲೆ ಪರದೆಯ ಮೇಲೆ ಫೋಟೊ ದೊಡ್ಡದು ಮಾಡಿ ಮೂಲೆಗಳನ್ನು ನೋಡಿ, ಹನಿ ಅಡಗಿರುವುದು ಅಲ್ಲೇ.

ಎರಡನೆಯದು, ಹೊತ್ತು. ನದಿ ಒಟ್ಟಾರೆ ಪಡುವಣದಿಂದ ಮೂಡಣಕ್ಕೆ ಹರಿಯುತ್ತದೆ, ಆದ್ದರಿಂದ ಕೊಳ್ಳದ ಕಡೆಯಿಂದ ಜಲಪಾತದತ್ತ ತಿರುಗಿ ನಿಂತವರಿಗೆ ಬೆಳಗಿನ ಬಿಸಿಲು ಬೆನ್ನಿಗೆ ಬರುತ್ತದೆ. ಕಾಮನಬಿಲ್ಲು ಬೇಕಿದ್ದರೆ ಇದೇ ಹೊತ್ತು. ಅದು ಕಾಣುವುದು ಸೂರ್ಯ ನಿಮ್ಮ ಬೆನ್ನಿಗಿದ್ದಾಗ, ನಿಮ್ಮ ತಲೆಯ ನೆರಳಿನ ದಿಕ್ಕಿನಿಂದ ಸುಮಾರು 42 ಡಿಗ್ರಿ ಕೋನದಲ್ಲಿ. ಒಂದು ಹೆಜ್ಜೆ ಬಲಕ್ಕೆ ಸರಿದರೆ ಬಿಲ್ಲೂ ಜತೆಗೆ ಸರಿಯುತ್ತದೆ. ಅದನ್ನು ಬಂಡೆಯ ಯಾವ ಮೂಲೆಗೆ ತಾಗಿಸಬೇಕು ಎಂಬುದು ನಿಮ್ಮ ಕಾಲಿನ ಕೈಯಲ್ಲಿದೆ. ಪೋಲರೈಸರ್ ಹಾಕಿದ್ದರೆ ಹುಷಾರು, ಅದನ್ನು ತಿರುಗಿಸುತ್ತಿದ್ದಂತೆ ಕಾಮನಬಿಲ್ಲು ಮಾಯವೂ ಆಗಬಹುದು, ಗಾಢವೂ ಆಗಬಹುದು.

ಮೂರನೆಯದು, ಬೆಳಕಿನ ಅಳತೆ. ನೊರೆಯ ಬಿಳುಪು ಸುಟ್ಟುಹೋದರೆ ಮತ್ತೆ ತರಲಾಗದು, ಬಂಡೆಯ ಕಪ್ಪನ್ನು ಒಂದಿಷ್ಟು ಮೇಲೆತ್ತಬಹುದು. ಆದ್ದರಿಂದ ನೊರೆಗೆ ಅಳತೆ ಮಾಡಿ. ಮೊಬೈಲಿನಲ್ಲಿ ನೊರೆಯ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್, ಬೆಳಕು ಎರಡೂ ಲಾಕ್ ಆಗುತ್ತವೆ. ಆಮೇಲೆ ಪಕ್ಕದ ಸೂರ್ಯನ ಗುರುತನ್ನು ಕೊಂಚ ಕೆಳಗೆಳೆಯಿರಿ. ಕ್ಯಾಮೆರಾದಲ್ಲಿ ಹಿಸ್ಟೋಗ್ರಾಂ ಬಲಗೋಡೆಗೆ ತಾಗದಂತೆ ನೋಡಿಕೊಳ್ಳಿ. ಮೀಟರ್ ಕೈಕೊಟ್ಟರೂ ಕೆಲಸ ನಡೆಯಬೇಕು. ಅಮೆರಿಕದ ನೈಋತ್ಯ ಸೀಮೆಯನ್ನು ಕಪ್ಪು ಬಿಳುಪಿನಲ್ಲಿ ಹಿಡಿದ ಆನ್ಸೆಲ್ ಆ್ಯಡಮ್ಸ್ 1941ರ ನವೆಂಬರ್ 1ರ ಸಂಜೆ ನ್ಯೂ ಮೆಕ್ಸಿಕೋದ ಹೆರ್ನಾಂಡೆಜ್ ಹಳ್ಳಿಯ ಮೇಲಿನ ಚಂದ್ರೋದಯ ತೆಗೆಯುವಾಗ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಬೆಳಕಿನ ಪ್ರಮಾಣ ತಲೆಯಲ್ಲಿತ್ತು, ಅದರ ಮೇಲೆ ಲೆಕ್ಕ ಕಟ್ಟಿದ. ನಾವು ನೆನಪಿಡಬೇಕಾದ ಲೆಕ್ಕ ಇನ್ನೂ ಸುಲಭ: ನಿಚ್ಚಳ ಬಿಸಿಲಿನಲ್ಲಿ ಐಎಸ್‌ಒ 100 ಇದ್ದರೆ ಎಫ್ 16ಕ್ಕೆ ಸೆಕೆಂಡಿನ ನೂರನೇ ಒಂದು ಭಾಗ. ಕೊಳ್ಳದ ನೆರಳಿಗೆ ಇಳಿದರೆ ಅಲ್ಲಿಂದ ಮೂರು ನಾಲ್ಕು ಸ್ಟಾಪ್ ಹೆಚ್ಚು ಬೆಳಕು ಬೇಕು.

ನಾಲ್ಕನೆಯದು ಶಟರ್ ವೇಗ, ಇಲ್ಲಿ ನನ್ನ ಅಭಿಪ್ರಾಯ ಬಹಳ ಜನರಿಗೆ ಹಿಡಿಸುವುದಿಲ್ಲ. ಜಲಪಾತ ಎಂದ ಕೂಡಲೇ ಅರ್ಧ ಸೆಕೆಂಡ್, ಒಂದು ಸೆಕೆಂಡ್ ಶಟರ್ ತೆರೆದು ನೀರನ್ನು ರೇಷ್ಮೆ ಮಾಡುವ ಚಾಳಿ ಎಲ್ಲರಿಗೂ ಹತ್ತಿದೆ. ಮಲೆನಾಡಿನ ತಿಳಿ ನೀರಿಗೆ ಅದು ಸರಿ. ಜುಲೈ, ಆಗಸ್ಟ್‌ನ ಘಟಪ್ರಭೆ ಮಣ್ಣು ಹೊತ್ತು ಕೆಂಪಗೆ ಬರುತ್ತದೆ. ಅದನ್ನು ನಿಧಾನ ಶಟರಿಗೆ ಹಿಡಿದರೆ ಬೆಲ್ಲದ ಪಾಕ ಸುರಿದಂತೆ ಕಾಣುತ್ತದೆ, ರಭಸ ಸತ್ತುಹೋಗುತ್ತದೆ. ಪ್ರವಾಹದ ದಿನಗಳಲ್ಲಿ ಸೆಕೆಂಡಿನ ಐನೂರನೇ ಭಾಗ, ಸಾವಿರದನೇ ಭಾಗಕ್ಕೆ ಹೋಗಿ, ಮುರಿದು ಬೀಳುವ ನೀರಿನ ಹೆಂಟೆಗಳನ್ನೇ ಹಿಡಿಯಿರಿ. ಅಕ್ಟೋಬರ್ ದಾಟಿ ನೀರು ತಿಳಿಯಾಗಿ ಎಳೆ ಎಳೆಯಾದ ಮೇಲೆ ರೇಷ್ಮೆ ಮಾಡಿಕೊಳ್ಳಿ, ಆಗ ಟ್ರೈಪಾಡ್ ಮತ್ತು ಕಪ್ಪು ಎನ್‌ಡಿ ಫಿಲ್ಟರ್ ಬೇಕು. ತೂಗುಸೇತುವೆಯ ಮೇಲಂತೂ ನಿಧಾನ ಶಟರ್ ಸಾಧ್ಯವೇ ಇಲ್ಲ. ಒಬ್ಬರು ನಡೆದರೆ ಇಡೀ ಸೇತುವೆ ನಡುಗುತ್ತದೆ, ಟ್ರೈಪಾಡ್ ಇದ್ದರೂ ಅಷ್ಟೇ. ಸೇತುವೆ ಇರುವುದು ಧುಮುಕುವ ಅಂಚಿಗಿಂತ ಮೇಲ್ಗಡೆ, ಅಲ್ಲಿಂದ ಜಲಪಾತದ ಮುಖ ಕಾಣುವುದೂ ಇಲ್ಲ. ಅಲ್ಲಿ ತೆಗೆಯಬೇಕಾದದ್ದು ನೀರು ಅಂಚಿನಲ್ಲಿ ಕಾಣೆಯಾಗುವ ಗೆರೆಯನ್ನು.

ಐದನೆಯದು, ಅಳತೆಗೋಲು. ದೊಡ್ಡ ಕೊಳ್ಳ ಫೋಟೊದಲ್ಲಿ ಸಣ್ಣ ಗುಂಡಿಯಂತೆ ಕಾಣುವುದು ಎಲ್ಲರ ದೂರು. ಗುಡಿಯ ಶಿಖರ, ಗಿರಣಿಯ ಗೋಡೆ, ಆಚೆ ದಂಡೆಯಲ್ಲಿ ಬಟ್ಟೆ ಒಣಹಾಕುವವರು, ಹೀಗೆ ಗಾತ್ರ ಗೊತ್ತಿರುವ ಯಾವುದಾದರೂ ಒಂದು ಚೌಕಟ್ಟಿನಲ್ಲಿರಲಿ. ಆ ವಸ್ತು ದೂರದಲ್ಲಿದ್ದು ಸಣ್ಣದಾಗಿ ಕಾಣಬೇಕು. ಗೆಳೆಯನನ್ನು ಕ್ಯಾಮೆರಾದ ಮುಂದೆಯೇ ನಿಲ್ಲಿಸಿದರೆ ಕೊಳ್ಳ ಅವನ ಹಿಂದಿನ ಪರದೆಯಾಗುತ್ತದೆ.

ಮಾರ್ಚ್‌ನಿಂದ ಮೇವರೆಗೆ ನೀರಿಲ್ಲ ಎಂದು ಯಾರೂ ಹೋಗುವುದಿಲ್ಲ. ನನ್ನ ದೃಷ್ಟಿಯಲ್ಲಿ ಮರುಭೂಮಿಯ ಕೊಳ್ಳಕ್ಕೆ ಅತಿ ಹತ್ತಿರದ ಗೋಕಾಕ ಆಗಲೇ ಸಿಗುವುದು. ಇಡೀ ಗೋಡೆ ಬತ್ತಲಾಗಿ ನಿಂತಿರುತ್ತದೆ, ನೀರು ಇಳಿದ ಜಾಗದ ಕಪ್ಪು ಪಟ್ಟೆಗಳು ಕೆಂಪು ಕಲ್ಲಿನ ಮೇಲೆ ಉದ್ದಕ್ಕೆ ಇಳಿಬಿದ್ದಿರುತ್ತವೆ. ಬೆಳಗಿನ ಅಡ್ಡ ಬಿಸಿಲಿನಲ್ಲಿ ಪದರಗಳ ಅಂಚುಗಳನ್ನು ಉದ್ದ ಲೆನ್ಸಿನಿಂದ ತುಂಡು ತುಂಡಾಗಿ ತೆಗೆಯಿರಿ.

ನೀರು ಎಲ್ಲಿಂದ ಬರುತ್ತದೆ

ಅರಿಝೋನಾದ ಆ್ಯಂಟಿಲೋಪ್ ಕ್ಯಾನಿಯನ್‌ನಲ್ಲಿ 1997ರ ಆಗಸ್ಟ್ 12ರಂದು 11 ಪ್ರವಾಸಿಗರು ಕೊಚ್ಚಿಹೋದರು. ಮಳೆ ಸುರಿದದ್ದು ಮೇಲ್ಗಡೆ ದೂರದಲ್ಲಿ, ನೀರು ಬಂದದ್ದು ಒಮ್ಮೆಲೇ. ಘಟಪ್ರಭೆಯ ಕಥೆಯೂ ಇದೇ. ನದಿ ಹುಟ್ಟುವುದು ಪಶ್ಚಿಮಘಟ್ಟದಲ್ಲಿ, ಅಂಬೋಲಿ ಕಡೆಯ ಮಳೆಯನ್ನೆಲ್ಲ ಹೊತ್ತ ಹಿರಣ್ಯಕೇಶಿ ಬಂದು ಸೇರುವುದು ಇದನ್ನೇ. ನಡುವೆ ಹಿಡಕಲ್ ಜಲಾಶಯವಿದೆ, ಆಮೇಲೆ ಧೂಪದಾಳದ ಒಡ್ಡು. ಮುಗಳಖೋಡದಲ್ಲಿ ಬಿಸಿಲು ಬಿದ್ದಿದೆ ಎಂದರೆ ಗೋಕಾಕದಲ್ಲಿ ನೀರು ಏರುವುದಿಲ್ಲ ಎಂದು ಅರ್ಥವಲ್ಲ. 2019ರ ಆಗಸ್ಟ್‌ನಲ್ಲಿ ಗೋಕಾಕ ಪಟ್ಟಣದ ಬೀದಿಗಳಿಗೇ ನದಿ ನುಗ್ಗಿದ್ದನ್ನು ಯಾರೂ ಮರೆತಿಲ್ಲ.

ಹಾಗಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಹೊರಡುವ ಮೊದಲು ಪತ್ರಿಕೆಯ ಜಲಾಶಯ ಮಟ್ಟದ ಪಟ್ಟಿಯಲ್ಲಿ ಹಿಡಕಲ್‌ನ ಹೊರಹರಿವು ಎಷ್ಟು ಕ್ಯೂಸೆಕ್ ಎಂದು ನೋಡಿ, ಹಿಂದಿನ ಎರಡು ದಿನದ ಅಂಕಿಗೂ ಹೋಲಿಸಿ. ಏರುತ್ತಿದ್ದರೆ ಒಳ್ಳೆಯ ಫೋಟೊ ಸಿಗುತ್ತದೆ, ಆದರೆ ಮೇಲಿನ ಅಂಚಿನಿಂದ ಮಾತ್ರ. ಮಳೆಗಾಲದಲ್ಲಿ ನದಿಪಾತ್ರದ ಬಂಡೆಗೆ ಇಳಿಯುವುದು ಯಾವ ಫೋಟೊಗೂ ತಕ್ಕದ್ದಲ್ಲ. ಅಲ್ಲಿನ ಬಂಡೆ ನೋಡಲು ಒಣಗಿದಂತಿದ್ದರೂ ಮೇಲೆ ತೆಳ್ಳಗೆ ಪಾಚಿ ಇರುತ್ತದೆ. ಸೇತುವೆಯ ಕೈಹಿಡಿ ದಾಟುವುದು, ಅಂಚಿಗೆ ಬೆನ್ನು ಮಾಡಿ ಸೆಲ್ಫಿ ತೆಗೆಯುವುದು ಇವೆಲ್ಲ ಬೇಡ ಎಂದು ಫಲಕವೇ ಹೇಳುತ್ತದೆ. ನಾನು ಸೇರಿಸುವುದು ಒಂದೇ: ವ್ಯೂಫೈಂಡರ್‌ಗೆ ಕಣ್ಣು ಹಚ್ಚಿಕೊಂಡು ಹೆಜ್ಜೆ ಇಡಬೇಡಿ. ಕ್ಯಾಮೆರಾ ಇಳಿಸಿ, ಹೆಜ್ಜೆ ಇಟ್ಟು, ನಿಂತು, ಆಮೇಲೆ ನೋಡಿ.

ಸುತ್ತಮುತ್ತ

ಗೋಕಾಕದವರೆಗೆ ಹೋದವರು ಮಾರ್ಕಂಡೇಯ ನದಿಯ ಗೊಡಚಿನಮಲ್ಕಿ ಜಲಪಾತವನ್ನೂ ಸೇರಿಸಿಕೊಳ್ಳಬಹುದು. ಮೊದಲು ಸುಮಾರು 25 ಮೀಟರ್, ಅಲ್ಲಿಂದ ಮುಂದೆ ಹರಿದು ಮತ್ತೆ 18 ಮೀಟರ್, ಹೀಗೆ ಎರಡು ಮೆಟ್ಟಿಲಾಗಿ ಇಳಿಯುತ್ತದೆ. ಎರಡನ್ನೂ ಒಂದೇ ಚೌಕಟ್ಟಿನಲ್ಲಿ ತುರುಕುವ ಬದಲು ಬೇರೆ ಬೇರೆ ತೆಗೆಯುವುದೇ ಮೇಲು. ಯೋಗಿಕೊಳ್ಳದಲ್ಲಿ ಕಿರಿದಾದ ಕಣಿವೆ, ಗುಹೆಯ ಗುಡಿ, ಗಿಡಗಂಟಿಗಳ ನೆರಳು, ಮೋಡದ ದಿನಕ್ಕೆ ತಕ್ಕ ಜಾಗ. ಚಳಿಗಾಲದಲ್ಲಿ ಹಕ್ಕಿಗಳ ಆಸೆಯಿದ್ದರೆ 1974ರಲ್ಲಿ ಘೋಷಣೆಯಾದ ಘಟಪ್ರಭಾ ಪಕ್ಷಿಧಾಮ ಧೂಪದಾಳದ ಬಳಿಯೇ ಇದೆ. ಸವದತ್ತಿ ಕಡೆ ಹೋಗುವವರಿಗೆ ನವಿಲುತೀರ್ಥದಲ್ಲಿ ಮಲಪ್ರಭೆ ಮರಳುಗಲ್ಲಿನ ಗುಡ್ಡವನ್ನು ಕೊರೆದು ಹೊರಟ ಕೊಳ್ಳ ಸಿಗುತ್ತದೆ. ಕೊಳ್ಳಕ್ಕೆ ಅಡ್ಡಲಾಗಿ ಅಣೆಕಟ್ಟು ಇರುವುದರಿಂದ ಕಾವಲಿನವರನ್ನು ಕೇಳದೆ ಕ್ಯಾಮೆರಾ ತೆಗೆಯಬೇಡಿ. ಎಲ್ಲಮ್ಮನ ಗುಡ್ಡದಲ್ಲಿ ಗುಡ್ಡ ತೆಗೆಯಿರಿ, ಹರಕೆ ತೀರಿಸುತ್ತಿರುವವರ ಮುಖವನ್ನಲ್ಲ. ನದಿಗಳ ದಂಡೆಯಲ್ಲಿ ಸ್ನಾನ ಮಾಡುವವರು, ಬಟ್ಟೆ ಒಗೆಯುವ ಅಕ್ಕಂದಿರು ಇದ್ದಾಗಲೂ ಇದೇ ಮಾತು. ‘ಅಕ್ಕಾರ, ಫೋಟೊ ತಗೀಲೇನ್ರಿ’ ಎಂದು ಕೇಳಲು ಎರಡು ಸೆಕೆಂಡ್ ಸಾಕು. ಬೇಡ ಎಂದರೆ ಮುಗಿಯಿತು.

ಬಾದಾಮಿ: ಸೀಳಿನೊಳಗೆ

ಮುಗಳಖೋಡದಿಂದ ಮಹಾಲಿಂಗಪುರ, ಮುಧೋಳ, ಲೋಕಾಪುರ, ಕೆರೂರು ಹಿಡಿದು ಬಾದಾಮಿ. ಬೆಳಿಗ್ಗೆ ಹೊರಟು ರಾತ್ರಿ ಮರಳುವ ಪ್ರಯಾಣವಲ್ಲ ಇದು, ಒಂದು ರಾತ್ರಿ ಅಲ್ಲಿ ಉಳಿಯಿರಿ. ಇಲ್ಲವಾದರೆ ಬೇಕಾದ ಎರಡೂ ಹೊತ್ತು ದಾರಿಯಲ್ಲೇ ಕಳೆದುಹೋಗುತ್ತವೆ.

ಬಾದಾಮಿಗೆ ಕ್ಯಾಮೆರಾ ಬಂದು ಬಹಳ ಕಾಲವಾಯಿತು. ಬಾಂಬೆ ಆರ್ಟಿಲರಿಯ ಥಾಮಸ್ ಬಿಗ್ಸ್ ಎಂಬ ಅಧಿಕಾರಿ 1855ರಲ್ಲಿ ವಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಕಾಗದದ ನೆಗೆಟಿವ್ ಮೇಲೆ ಚಿತ್ರಿಸಿದ. ಅವನೂ, ಆ ಕೆಲಸ ಮುಂದುವರಿಸಿದ ಡಾ. ಪಿಗೌ ಮೊದಲಾದವರೂ ತೆಗೆದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಆ ಕಾಲದ ನೆಗೆಟಿವ್‌ಗೆ ನಿಮಿಷಗಟ್ಟಲೆ ಬೆಳಕು ಉಣಿಸಬೇಕಿತ್ತು. ಹೀಗಾಗಿ ಎಲ್ಲಿ ನಿಲ್ಲಬೇಕು ಎಂಬುದನ್ನು ಮೊದಲೇ ತೀರ್ಮಾನಿಸದೆ ಬೇರೆ ದಾರಿಯಿರಲಿಲ್ಲ. ನಮಗೆ ಆ ಬಂಧನವಿಲ್ಲ, ಅದಕ್ಕೇ ನಾವು ಒಂದೇ ಜಾಗದಲ್ಲಿ ಇನ್ನೂರು ಫೋಟೊ ತೆಗೆದು ಬರುತ್ತೇವೆ.

ಎಲ್ಲರೂ ಮೊದಲು ಗುಹೆಗಳಿಗೆ ಓಡುತ್ತಾರೆ. ಮೂರನೆಯ ಗುಹೆಯ ಶಾಸನದ ಕಾಲ ಕ್ರಿ.ಶ. 578, ಮಂಗಲೇಶನದು. ಆ ಗುಹೆ ಉತ್ತರಕ್ಕೆ ಮುಖ ಮಾಡಿದೆ, ಕ್ಯಾಲೆಂಡರಿನ ಲೆಕ್ಕ ಇಲ್ಲಿ ನೇರ ಫಲ ಕೊಡುತ್ತದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕಿದ್ದು ಆ ಬಂಡೆಯ ಮುಖ ದಿನವಿಡೀ ನೆರಳಲ್ಲಿರುತ್ತದೆ. ಒಳಗಿನ ಶಿಲ್ಪಕ್ಕೆ ಸಮನಾದ ತಂಪು ಬೆಳಕು, ಹೊರಗಿನ ಗೋಡೆ ಮಂಕು. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಸೂರ್ಯ ಹುಟ್ಟುವುದೂ ಮುಳುಗುವುದೂ ಉತ್ತರಕ್ಕೆ ವಾಲಿ. ಆಗ ಬೆಳಗಿನ, ಸಂಜೆಯ ಬಿಸಿಲು ಗೋಡೆಯನ್ನು ಉಜ್ಜಿಕೊಂಡು ಹೋಗುತ್ತದೆ. ಎದುರಿನ ಉತ್ತರ ಗುಡ್ಡದಿಂದ ಈ ಗೋಡೆ ತೆಗೆಯಬೇಕೆಂದಿದ್ದರೆ ಆ ತಿಂಗಳುಗಳೇ ಬೇಕು. ಅಗಸ್ತ್ಯತೀರ್ಥ ಕೆರೆಯ ಮೂಡಣ ತುದಿಯ ಭೂತನಾಥ ಗುಡಿ ಪಡುವಣಕ್ಕೆ ಮುಖ ಮಾಡಿದೆ, ಅದಕ್ಕೆ ಸಂಜೆ.

ಕೊಳ್ಳದ ಹುಚ್ಚಿನವರು ಮಾತ್ರ ಉತ್ತರದ ಗುಡ್ಡ ಹತ್ತಬೇಕು. ಕೋಟೆಗೆ ಏರುವ ಮೆಟ್ಟಿಲ ದಾರಿ ಎರಡು ಎತ್ತರದ ಬಂಡೆಗೋಡೆಗಳ ನಡುವಿನ ಸೀಳಿನಲ್ಲೇ ಸಾಗುತ್ತದೆ. ಆ್ಯಂಟಿಲೋಪ್ ಕ್ಯಾನಿಯನ್ ನೋಡಿ ಬಾಯಿ ತೆರೆದವರು ಇಲ್ಲಿ ನಿಂತು ಮೇಲೆ ನೋಡಲಿ. ಅಲ್ಲಿಯ ಗೋಡೆ ನೀರು ಸವೆಸಿ ಬಳುಕಿದ್ದು, ಇಲ್ಲಿಯದು ಬಿರಿದು ನೆಟ್ಟಗೆ ನಿಂತದ್ದು. ಬೆಳಕಿನ ಆಟ ಎರಡರಲ್ಲೂ ಒಂದೇ.

ಸೀಳಿನಲ್ಲಿ ಹೀಗೆ ಮಾಡಿ. ಬೆಳಿಗ್ಗೆ 10ರ ಹೊತ್ತಿಗೆ ಒಳಗಿರಿ. ಒಂದು ಗೋಡೆಯ ಮೇಲ್ತುದಿಗೆ ಮಾತ್ರ ಬಿಸಿಲು ತಾಗಿರುತ್ತದೆ. ಬಿಸಿಲು ಬಿದ್ದ ಆ ಪಟ್ಟಿಯನ್ನು ಚೌಕಟ್ಟಿನಿಂದ ಪೂರ್ತಿ ಹೊರಗಿಟ್ಟು, ಆಕಾಶವನ್ನೂ ಹೊರಗಿಟ್ಟು, ಅದರ ಎದುರಿನ ನೆರಳಿನ ಗೋಡೆಯನ್ನು ನೋಡಿ. ಮೇಲಿನಿಂದ ಚಿಮ್ಮಿ ಬಂದ ಕೆಂಪು ಬೆಳಕು ಅಲ್ಲಿ ಇಳಿಯುತ್ತಿರುತ್ತದೆ: ಮೇಲೆ ಕಿತ್ತಳೆ, ನಡುವೆ ಕೆಂಪು, ಬುಡದಲ್ಲಿ ನೇರಳೆಗೆ ತಿರುಗಿದ ಕಂದು. ಈಗ ವೈಟ್ ಬ್ಯಾಲೆನ್ಸ್‌ಗೆ ಕೈ ಹಾಕಿ. ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಈ ಕೆಂಪನ್ನು ತಪ್ಪು ಎಂದು ತಿಳಿದು ಅಳಿಸಿಹಾಕುತ್ತದೆ. ‘ಡೇಲೈಟ್’ಗೆ ನಿಲ್ಲಿಸಿದರೆ ಕಣ್ಣಿಗೆ ಕಂಡದ್ದು ಬರುತ್ತದೆ. ‘ಕ್ಲೌಡಿ’ ಇನ್ನಷ್ಟು ಬೆಚ್ಚಗಾಗಿಸುತ್ತದೆ, ಆದರೆ ಅದು ಸ್ವಲ್ಪ ಸುಳ್ಳಿನ ಕಡೆಗೆ. ಮೊಬೈಲಿನಲ್ಲಿ ಪ್ರೊ ಮೋಡ್ ತೆರೆದು ಸುಮಾರು 5500 ಕೆಲ್ವಿನ್‌ಗೆ ಇಡಿ.

ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಇಲ್ಲದಿದ್ದರೆ ಬೆನ್ನನ್ನೂ ಎರಡೂ ಮೊಣಕೈಗಳನ್ನೂ ಬಂಡೆಗೆ ಒತ್ತಿ, ಎರಡು ಸೆಕೆಂಡಿನ ಟೈಮರ್ ಹಾಕಿ, ಉಸಿರು ಬಿಟ್ಟು ನಿಲ್ಲಿ. ಸೆಕೆಂಡಿನ ಹದಿನೈದನೇ ಒಂದು ಭಾಗದವರೆಗೆ ಕೈಯಲ್ಲೇ ಹಿಡಿಯಬಹುದು. ಎಫ್ 8 ಇಟ್ಟುಕೊಂಡು ಐಎಸ್‌ಒ 400, 800ಕ್ಕೆ ಏರಿಸಲು ಹಿಂಜರಿಯಬೇಡಿ, ಅದರಿಂದ ಮೂಡುವ ಕಾಳು (ನಾಯ್ಸ್) ಮರಳುಗಲ್ಲಿನ ಒರಟಿನಲ್ಲಿ ಎದ್ದು ಕಾಣುವುದಿಲ್ಲ. ಮೊಬೈಲಿನ 0.5 ಲೆನ್ಸ್ ಗೋಡೆಗಳನ್ನು ಒಳಕ್ಕೆ ಬಾಗಿಸುತ್ತದೆ. ಫೋನನ್ನು ನೆಟ್ಟಗೆ ಹಿಡಿಯಿರಿ, ಮೇಲಕ್ಕೆ ವಾಲಿಸಬೇಡಿ. ನಡುಹಗಲು 12.30ರ ಹತ್ತಿರ ಬಂದಂತೆ ಬಿಸಿಲು ಬುಡಕ್ಕೆ ಇಳಿಯುತ್ತದೆ, ಮೇ ಮತ್ತು ಆಗಸ್ಟ್‌ನ ಮೊದಲ ಭಾಗದಲ್ಲಂತೂ ನೆಟ್ಟಗೆ. ಅದು ಕೆಲವೇ ನಿಮಿಷದ ಆಟ. ಆಗ ಪ್ರವಾಸಿಗರ ಗುಂಪು ಬಂದರೆ ಕೋಪ ಬೇಡ. ಅವರಲ್ಲಿ ಕೆಂಪೋ ಹಳದಿಯೋ ಸೀರೆಯುಟ್ಟವರು ತಿರುವಿನಲ್ಲಿ ಹಾಯುವುದನ್ನು ದೂರದಿಂದ ಹಿಡಿದರೆ ಅಳತೆಗೋಲಿನ ಪ್ರಶ್ನೆಯೂ ಬಗೆಹರಿಯುತ್ತದೆ.

ಹೊರಬರುವಾಗ ಗೋಡೆಯ ಹತ್ತಿರಕ್ಕೆ ಮುಖವಿಟ್ಟು ನೋಡಿ. ಓರೆ ಓರೆಯಾದ ಸಣ್ಣ ಗೆರೆಗಳು ಒಂದರ ಮೇಲೊಂದು ಕೂತಿವೆ. ಪುರಾತನ ನದಿಗಳು ಮರಳನ್ನು ತಂದು ಸುರಿದ ದಿಕ್ಕು ಅದು. ಕ್ಯಾಮೆರಾವನ್ನು ಗೋಡೆಗೆ ಸಮಾನಾಂತರ ಹಿಡಿದು, ಪಕ್ಕದಿಂದ ಬೆಳಕು ಬರುವ ಹೊತ್ತಿಗೆ ತೆಗೆದರೆ ಪ್ರತಿ ಗೆರೆಯ ನೆರಳೂ ಮೂಡುತ್ತದೆ.

ಎರಡನೇ ದಿನ ನಡೆಯಲು ಮನಸ್ಸಿದ್ದರೆ ಸಿಡಿಲಫಡಿ ಇದೆ. ಕುರುಚಲು ಕಾಡಿನ ಕಾಲುದಾರಿ, ಕೊನೆಗೆ ಕಮಾನಿನಂತೆ ತೂತುಬಿದ್ದ ಮರಳುಗಲ್ಲಿನ ಬಂಡೆ, ಗೋಡೆಯ ಮೇಲೆ ಪ್ರಾಗೈತಿಹಾಸಿಕ ಚಿತ್ರಗಳು. ಯೂಟಾದ ಕಲ್ಲುಕಮಾನುಗಳಿಗೆ ಜನ ಸಾಲುಗಟ್ಟುತ್ತಾರೆ, ಇಲ್ಲಿ ನೀವು ಮತ್ತು ಕುರಿಗಾರರು ಮಾತ್ರ. ದಾರಿ ತಪ್ಪುವ ಜಾಗ, ಊರಿನ ತಿಳಿದವರನ್ನು ಜತೆಗೆ ಕರೆದುಕೊಳ್ಳಿ, ಅವರ ದಿನದ ಕೂಲಿ ಕೊಡಿ. ಆ ಚಿತ್ರಗಳಿಗೆ ಫ್ಲ್ಯಾಶ್ ಬೇಡ. ಬಣ್ಣ ಎದ್ದು ಕಾಣಲೆಂದು ನೀರು ಚಿಮುಕಿಸುವ ಪದ್ಧತಿ ಕೆಲವರಲ್ಲಿದೆ, ಅದು ಚಿತ್ರವನ್ನೇ ಕೊಲ್ಲುವ ಕೆಲಸ.

ಡ್ರೋನ್ ಇದ್ದವರಿಗೆ

2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ ಹಾರಿಸಬಹುದಾದ ಎತ್ತರ 120 ಮೀಟರ್‌ವರೆಗೆ. 250 ಗ್ರಾಂ ಒಳಗಿನ ನ್ಯಾನೊ ಡ್ರೋನಿಗೆ ಪೈಲಟ್ ಪರವಾನಗಿಯ ತಂಟೆಯಿಲ್ಲ. ಆದರೆ ಸಂರಕ್ಷಿತ ಸ್ಮಾರಕ, ಅಣೆಕಟ್ಟು, ಪಕ್ಷಿಧಾಮಗಳ ಮೇಲೆ ಅನುಮತಿಯಿಲ್ಲದೆ ಹಾರಿಸಿದರೆ ಪೊಲೀಸ್ ಠಾಣೆಯಲ್ಲಿ ಕೂರಬೇಕಾಗುತ್ತದೆ. ನಾವು ಇಲ್ಲಿ ಹೇಳಿದ ಜಾಗಗಳಲ್ಲಿ ಹೆಚ್ಚಿನವು ಈ ಮೂರರಲ್ಲೇ ಬರುತ್ತವೆ. ಮಗ ಸೊಸೆ ಅಮೆರಿಕದಲ್ಲಿದ್ದು ಗ್ರ್ಯಾಂಡ್ ಕ್ಯಾನಿಯನ್‌ಗೆ ಹೋಗುವ ಯೋಗ ಬಂದರೆ, ಅಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಿಂದ ಡ್ರೋನ್ ನಿಷಿದ್ಧ. ಆ್ಯಂಟಿಲೋಪ್ ಕ್ಯಾನಿಯನ್ ನವಾಹೋ ಜನರ ನೆಲ, ಅವರ ಮಾರ್ಗದರ್ಶಕರ ಜತೆಯಲ್ಲಷ್ಟೇ ಪ್ರವೇಶ. ಗ್ರ್ಯಾಂಡ್ ಕ್ಯಾನಿಯನ್‌ನ ದಕ್ಷಿಣ ಅಂಚು ಸಮುದ್ರಮಟ್ಟದಿಂದ 2,000 ಮೀಟರಿಗೂ ಎತ್ತರ, ಮರುಭೂಮಿ ಎಂದು ಸ್ವೆಟರ್ ಬಿಟ್ಟು ಹೋಗಬೇಡಿ.

ಮನೆಗೆ ಬಂದ ಮೇಲೆ

ಮೊದಲು ಕ್ಯಾಮೆರಾ ಒರೆಸಿ, ಒಂದು ರಾತ್ರಿ ಚೀಲದ ಹೊರಗೆ ಗಾಳಿಗೆ ಇಡಿ. ಮಳೆಗಾಲದಲ್ಲಿ ಒದ್ದೆ ಚೀಲದೊಳಗೆ ಬಿಟ್ಟ ಲೆನ್ಸಿಗೆ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಕಿಲ್ಲ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಫೋಟೊಗಳನ್ನು ಎರಡು ಕಡೆ ಪ್ರತಿ ಮಾಡಿದ ಮೇಲೆಯೇ ಕಾರ್ಡ್ ಅಳಿಸಿ.

ತಿದ್ದುವಾಗ ಕೆಂಪಿನ ಗುಂಡಿಯನ್ನು ಎಳೆಯುವ ಆಸೆ ಎಲ್ಲರಿಗೂ ಬರುತ್ತದೆ. ಅದನ್ನು ಮುಟ್ಟುವ ಮೊದಲು ಕಪ್ಪನ್ನು ಕೊಂಚ ಇಳಿಸಿ ನೋಡಿ, ಕೆಂಪು ತಾನಾಗಿಯೇ ಮೇಲೆ ಬರುತ್ತದೆ. ಆಕಾಶ ಹಸಿರಿಗೆ ತಿರುಗಿತು, ಗುಡಿಯ ಸುಣ್ಣದ ಗೋಡೆ ಗುಲಾಬಿಯಾಯಿತು ಎಂದರೆ ಕೈ ಮಿತಿ ಮೀರಿದೆ. ಆರೇಳು ಫೋಟೊ ಆರಿಸಿ ಚಿಕ್ಕೋಡಿಯ ಯಾವುದಾದರೂ ಲ್ಯಾಬಿನಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಮೊಬೈಲ್ ಪರದೆಯಲ್ಲಿ ಕಾಣದ ಅಲುಗಾಟ, ಲೆನ್ಸಿನ ಹನಿ ಅಲ್ಲಿ ಕಾಣುತ್ತವೆ.

ಫೋಲ್ಡರಿಗೆ ‘ಗೋಕಾಕ 1’, ‘ಗೋಕಾಕ 2’ ಎಂದು ಹೆಸರಿಡಬೇಡಿ. ಜಾಗ, ದಿನಾಂಕ, ಹೊತ್ತು, ಅಂದಿನ ಹಿಡಕಲ್ ಹೊರಹರಿವು ಇಷ್ಟನ್ನೂ ಹೆಸರಿನಲ್ಲೇ ಬರೆಯಿರಿ. ಎಷ್ಟು ಕ್ಯೂಸೆಕ್ ಬಿಟ್ಟಾಗ ಲಾಳದ ಅಂಚು ತುಂಬುತ್ತದೆ, ಎಷ್ಟಕ್ಕೆ ಇಳಿದಾಗ ನೀರು ಎಳೆ ಎಳೆಯಾಗುತ್ತದೆ ಎಂಬ ಪಟ್ಟಿ ಎರಡು ಮಳೆಗಾಲದಲ್ಲಿ ನಿಮ್ಮಲ್ಲೇ ತಯಾರಾಗುತ್ತದೆ. ಆಮೇಲೆ ಪತ್ರಿಕೆಯಲ್ಲಿ ಆ ಅಂಕಿ ಕಂಡ ದಿನವೇ ಬೈಕಿಗೆ ಪೆಟ್ರೋಲ್ ಹಾಕಿಸಿಟ್ಟುಕೊಳ್ಳಬಹುದು.